ಹೇಳೋಕೆ ಹೊರಟಿದ್ದು

ಟಣ್ ಟಣ್ ಟಣ್ — ಅಡುಗೆಮನೆಯಲ್ಲಿ ಅಣ್ಣ ಲೋಟದೊಳಗೆ ಚಮಚ ತಿರುಗಿಸುತ್ತಿದ್ದಾನೆ, ಸಕ್ಕರೆ ಕರಗಿ ಎಷ್ಟು ಹೊತ್ತಾಯಿತೋ, ಕರಗಿದ ಮೇಲೂ ತಿರುಗಿಸುತ್ತಲೇ ಇದ್ದಾನೆ, ಎಡವಟ್ಟು ಮಾಡಿಕೊಂಡವನಿಗೆ ಕೈಗೊಂದು ಕೆಲಸ ಬೇಕಲ್ಲ, ಬಾಯಿಗಂತೂ ಯಾವತ್ತೂ ಬಿಡುವಿರಲಿಲ್ಲ, ಈಗ ಕೈಗೂ ಇಲ್ಲ — ಅವಳು ಅಪ್ಪನ ಕೋಣೆಯಲ್ಲಿ ಅಪ್ಪನ ಕುರ್ಚಿಯಲ್ಲಿ ಕೂತಿದ್ದಾಳೆ, ಕುರ್ಚಿಯ ಒಂದು ಕಾಲು ಗಿಡ್ಡ, ಅದರಡಿಗೆ ಅಪ್ಪ ಕೊಟ್ಟಿದ್ದ ಕಬ್ಬಿಣದ ತೂಕದ ಬಟ್ಟು ಈಗಲೂ ಅಲ್ಲೇ ಇದೆ, ಊರವರ ತಕ್ಕಡಿಯನ್ನೆಲ್ಲ ಸರಿಮಾಡಿಕೊಟ್ಟು ಹೊಟ್ಟೆ ಹೊರೆದವನು ತನ್ನ ಕುರ್ಚಿಯನ್ನು ಹೀಗೆ ಸರಿಮಾಡಿಕೊಂಡಿದ್ದ — ಎದುರಿಗೆ ಕಪ್ಪು ಪರದೆ, ಅದರ ಮೇಲೆ ಬಿಳಿ ಸಾಲುಗಳು, ಅಣ್ಣ ಟೈಪ್ ಮಾಡಿದ್ದು ಒಂದಕ್ಷರ ಬಿಡದೆ ಹಾಗೇ ನಿಂತಿದೆ, ಅಳಿಸಬೇಕು ಅಂತ ಅವನಿಗೆ ಅನಿಸಲೂ ಇಲ್ಲ, ಯಾಕೆ ಅನಿಸಬೇಕು, ಅವನು ಗೆದ್ದಿದ್ದ, ಬಾಗಿಲಲ್ಲೇ ಕಾದು ನಿಂತಿದ್ದ, ಅವಳು ಚಪ್ಪಲಿ ಬಿಡುವುದರೊಳಗೆ ಶುರುಹಚ್ಚಿಕೊಂಡ, ಓಪನ್ ಮಾಡಿಬಿಟ್ಟೆ ಕಣೇ, ನೀನು ವಾರದಿಂದ ಒದ್ದಾಡ್ತಿದ್ಯಲ್ಲ, ಅಷ್ಟೇನೂ ಕಷ್ಟ ಇಲ್ಲ, ಅಮ್ಮ ಪಾಪ ಅಪ್ಪನ ದನಿ ಕೇಳಬೇಕು ಕೇಳಬೇಕು ಅಂತಿದ್ಲು, ಅದಕ್ಕೇ ಕೂತೆ, ಆದ್ರೆ ಒಳಗೆ ಏನೂ ಇಲ್ಲ, ನೀನು ಸರಿಯಾಗಿ ಕಾಪಿ ಮಾಡಿಲ್ಲ ಅಂತ ಕಾಣುತ್ತೆ. ಅವಳ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹೊಸ ಡಿಸ್ಕು, ಯಾವುದನ್ನು ಅವನು ತೆರೆದೆ ಅನ್ನುತ್ತಿದ್ದನೋ ಅದಕ್ಕೆ ಎರಡನೇ ಪ್ರತಿ ಮಾಡಿಡಬೇಕೆಂದೇ ಅವಳು ಬೆಳಗ್ಗೆ ಎದ್ದು ಅದನ್ನು ತರಲು ಹೋಗಿದ್ದು. ಅಂಗಡಿಗೆ ಹೋಗಿ ಬರುವಷ್ಟು ಹೊತ್ತು, ಅಷ್ಟೇ, ಆ ಹೊತ್ತೂ ಇವನಿಂದ ಕಾಯಲಾಗಲಿಲ್ಲ. ಅವಳು ಚೀಲ ಹಿಡಿದುಕೊಂಡೇ ಅವನನ್ನು ದಾಟಿದಳು. ಕೋಣೆಗೆ ಬಂದು ಕೂತಳು.

ಕಾಯುವುದು ಈ ಮನೆಯವರ ಜಾತಕದಲ್ಲೇ ಬರೆದಿಲ್ಲ. ಅಪ್ಪನಿಗೆ ಉಗ್ಗು. ಮೊದಲ ಪದ ಹೇಗೋ ಹೊರಗೆ ಬೀಳುತ್ತಿತ್ತು, ಎರಡನೆಯದಕ್ಕೆ ಗಂಟಲಲ್ಲಿ ಅಗುಳಿ ಬೀಳುತ್ತಿತ್ತು, ಆಗ ಅಪ್ಪ ಕಣ್ಣು ಮುಚ್ಚಿ ಬಲಗೈ ಹೆಬ್ಬೆರಳಿನಿಂದ ತೋರುಬೆರಳನ್ನು ತಿಕ್ಕುತ್ತಾ ನಿಲ್ಲುತ್ತಿದ್ದ, ಸ್ವಲ್ಪ, ಸ್ವಲ್ಪವೇ ತಡೆದಿದ್ದರೆ ಮಾತು ತಾನಾಗಿ ಬರುತ್ತಿತ್ತು, ಆ ಸ್ವಲ್ಪ ಯಾರ ಹತ್ತಿರವಿತ್ತು, ಅಮ್ಮ ಮುಗಿಸುತ್ತಿದ್ದಳು, ಹಾಲಿನವನು ಮುಗಿಸುತ್ತಿದ್ದ, ಬಸ್ಸಿನ ಕಂಡಕ್ಟರ್ ಕೂಡ ಯಾವ ಸ್ಟಾಪೆಂದು ತಾನೇ ತೀರ್ಮಾನಿಸಿ ಟಿಕೆಟ್ ಹರಿದು ಕೊಡುತ್ತಿದ್ದ, ಇವರೆಲ್ಲರನ್ನೂ ಮೀರಿಸಿದವನು ಅಣ್ಣ, ಅಪ್ಪ ಬಾಯಿ ತೆರೆಯುವ ಮುಂಚೆಯೇ ಮುಗಿಸಿ ಕೈ ತೊಳೆದುಕೊಂಡಿರುತ್ತಿದ್ದ, ಅಪ್ಪ ಹೇಳೋದು ಏನಂದ್ರೆ, ಅಂತ ಶುರು, ಅಪ್ಪ ಹೇಳುವುದು ಏನೆಂದು ಅಪ್ಪನನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತಿತ್ತು. ಯಾರು ಏನು ಮುಗಿಸಿದರೂ, ಸರಿಯೋ ತಪ್ಪೋ, ಅಪ್ಪ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದ, ಹಾಗೆಂದರೆ ಒಪ್ಪಿಗೆ ಅಂತಲ್ಲ, ಸದ್ಯ ಮುಗಿಯಿತಲ್ಲ ಅಂತ. ಬಟ್ಟೆ ಅಂಗಡಿಯಲ್ಲಿ ಒಮ್ಮೆ ಮೇಲಿನ ಸಾಲಿಗೆ ಕೈ ತೋರಿಸಿ ಆ, ಆ, ಅಂದ, ಅಣ್ಣ ಪಕ್ಕದಿಂದಲೇ ಆ ನೀಲಿದು ಕೊಡ್ರೀ ಅಂದ, ಅಪ್ಪ ಹೂಂ ಅಂದ, ಅಲ್ಲಿಂದ ಮುಂದೆ ನೀಲಿ ಅಂದರೆ ಅಪ್ಪನಿಗೆ ಪ್ರಾಣ ಅಂತ ಮನೆಯಲ್ಲಿ ಕಾಯಂ ಆಯಿತು, ಯಾರು ಏನು ಉಡುಗೊರೆ ತಂದರೂ ನೀಲಿ ಅಂಗಿ, ಬೀರುವಿನ ಬಾಗಿಲು ತೆಗೆದರೆ ನೀಲಿಯ ರಾಶಿ, ಕೊನೆಗೆ ಹೋಗುವಾಗಲೂ ಮೈಮೇಲೆ ನೀಲಿಯೇ ಹಾಕಿ ಕಳಿಸಿದರು. ಅಯ್ಯೋ, ನೀಲಿ — ನಗು ಬರುತ್ತದೆ, ನಕ್ಕರೆ ಕಣ್ಣಲ್ಲಿ ನೀರು ಬರುತ್ತದೆ, ಯಾಕೆಂದರೆ ಅಪ್ಪ ತೀರಿಕೊಂಡ ಮೇಲೆ ಈ ಕೋಣೆ ಗುಡಿಸಲು ಬಂದವಳು ಅಪ್ಪನ ಹಳೇ ಕಂಪ್ಯೂಟರನ್ನು ಸುಮ್ಮನೆ ಚಾಲೂ ಮಾಡಿದ್ದಳು, ಅದರಲ್ಲಿ ತಾರೀಖುಗಳನ್ನೇ ಹೆಸರಾಗಿಟ್ಟ ಧ್ವನಿ ಫೈಲುಗಳು, ವರ್ಷಗಟ್ಟಲೆಯವು, ಒಂದನ್ನು ಒತ್ತಿದಳು, ಒಂದು ಗಂಡು ದನಿ, ಸಲೀಸಾದ ದನಿ, ಯಾರಪ್ಪ ಇದು ಅಂದುಕೊಂಡಳು — ಇವತ್ತು ಬಟ್ಟೆ ಅಂಗಡಿಯಲ್ಲಿ ದೊಡ್ಡೋನು ನೀಲಿ ಅಂದ, ನಾನು ಕೇಳೋಕೆ ಹೊರಟಿದ್ದು ಪಕ್ಕದ ಹಳದಿ, ನೀಲಿ ಕಂಡ್ರೆ ನಂಗಾಗಲ್ಲ. ಅಷ್ಟೇ. ಒಂದೇ ಒಂದು ಕಡೆ ಎಡವಲಿಲ್ಲ. ಒಬ್ಬನೇ ಇದ್ದಾಗ, ಕೇಳುವವರು ಯಾರೂ ಇಲ್ಲದಾಗ, ಅಪ್ಪನಿಗೆ ಉಗ್ಗೇ ಇರಲಿಲ್ಲ. ಹಗಲೆಲ್ಲ ಊರವರು ಮುಗಿಸಿಕೊಟ್ಟ ಮಾತುಗಳನ್ನು ಬಾಗಿಲು ಹಾಕಿಕೊಂಡು ತನ್ನ ರೀತಿಯಲ್ಲಿ ಮುಗಿಸಿಕೊಳ್ಳುತ್ತಿದ್ದ.

ಆಯ್ತಾ, ಅಂತ ಅಡುಗೆಮನೆಯಿಂದ ಅಣ್ಣ, ಆಗ್ತಿದೆ ಅಂತ ಇವಳು, ಏನು ಆಗುತ್ತಿದೆಯೋ ಅವಳಿಗೇ ಗೊತ್ತಿಲ್ಲ — ಅವತ್ತು ಆ ಫೈಲುಗಳ ಪಟ್ಟಿಯಲ್ಲಿ ಕಣ್ಣು ಕೆಳಗಿಳಿದು ಕೆಳಗಿಳಿದು ಒಂದು ತಾರೀಖಿನ ಮೇಲೆ ನಿಂತಿತ್ತು, ಅದು ಅವಳಿಗೆ ಬಾಯಿಪಾಠವಾಗಿದ್ದ ತಾರೀಖು, ಸ್ಕೂಟರಿನ ಮೇಲೆ ಒಂದೇ ಬ್ಯಾಗು ಇಟ್ಟುಕೊಂಡು ಗಂಡನ ಮನೆಯಿಂದ ಬಂದ ದಿನ. ಗಂಡ ದಿನಾ ಸಂಜೆ ಸ್ಕೂಟರಿನ ಮುಂದೆ ಬಗ್ಗಿ ಕಿಲೋಮೀಟರ್ ಓದುತ್ತಿದ್ದ, ಕೆಲಸಕ್ಕೆ ಹೋಗಿ ಬರೋಕೆ ಹದಿನಾಲ್ಕು, ಇವತ್ತು ಹದಿನಾರಾಗಿದೆ, ಆ ಎರಡು ಎಲ್ಲಿಗೆ, ಅಂತ ಬಹಳ ಮೆತ್ತಗೆ ಕೇಳುತ್ತಿದ್ದ, ಔಷಧಿ ಅಂಗಡಿಗೆ ಅಂದರೆ ಚೀಟಿ ಎಲ್ಲಿ ಅನ್ನುತ್ತಿದ್ದ, ಇದನ್ನು ಯಾರಿಗೆ ಹೇಳುವುದು, ಹೇಳಿದರೆ ಇಷ್ಟೇನಾ ಅನ್ನುತ್ತಾರೆ, ಅಂದರು ಕೂಡ, ಹೊಡೀತಾನಾ, ಇಲ್ಲ, ಕುಡೀತಾನಾ, ಇಲ್ಲ, ಮತ್ತೇನೇ ರೋಗ ನಿಂಗೆ, ಅಂತ ಅಣ್ಣ ನಡುಮನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮ, ಅಂತ ಅಮ್ಮ ಸೆರಗಲ್ಲಿ ಮೂಗೊರೆಸಿಕೊಂಡಳು, ಅಷ್ಟರಲ್ಲಿ ಈ ಕೋಣೆಯ ಬಾಗಿಲು ತೆರೆದು ಅಪ್ಪ ಹೊರಗೆ ಬಂದ. ಅವಳ ಎದುರಿಗೆ ಬಂದು ನಿಂತ. ನೀ, ನೀನು, ಅಂದ, ಅಗುಳಿ ಬಿತ್ತು, ಕಣ್ಣು ಮುಚ್ಚಿದ, ಹೆಬ್ಬೆರಳು ತೋರುಬೆರಳನ್ನು ತಿಕ್ಕಲು ಶುರುವಾಯಿತು, ಅವಳು ಕಾಯುತ್ತಿದ್ದಳು, ಆ ದಿನ ಅವಳಿಗೆ ಬೇಕಾದಷ್ಟು ಹೊತ್ತಿತ್ತು, ಅಣ್ಣನಿಗೆ ಇರಲಿಲ್ಲ, ನೀನು ವಾಪಸ್ ಹೋಗು ಅಂತಿದಾರೆ, ಕೇಳಿಸ್ತಾ, ನಾನಲ್ಲ, ಅಪ್ಪಾನೇ ಹೇಳ್ತಿರೋದು. ಅಪ್ಪ ಕಣ್ಣು ತೆರೆದ, ಅವಳನ್ನೇ ನೋಡಿದ, ತಲೆ ತಗ್ಗಿಸಿದ. ಅಣ್ಣನ ಮಾತಾಗಿದ್ದರೆ ಎಡಗೈಯಲ್ಲಿ ಎತ್ತಿ ಎಸೆಯುತ್ತಿದ್ದಳು, ಅಪ್ಪನ ಮಾತು, ಜೀವಮಾನದಲ್ಲಿ ಅವಳಿಗೆ ಒಂದೂ ಬೈಗುಳ ಬೈಯದ ಅಪ್ಪನ ಮಾತು, ಅದೂ ಆ ತಗ್ಗಿಸಿದ ತಲೆ — ಸ್ಕೂಟರ್ ತಿರುಗಿಸಿಕೊಂಡು ಹೋದಳು, ಅಲ್ಲಿಂದ ಮೂರು ವರ್ಷ, ಸಂಜೆ ಸಂಜೆ ಆ ಬಗ್ಗಿದ ಬೆನ್ನು, ಆ ಮೆತ್ತಗಿನ ದನಿ. ಅಪ್ಪ ಸತ್ತ ಸುದ್ದಿ ಬಂದಾಗ ಬಂದವಳು ಮತ್ತೆ ಹೋಗಲಿಲ್ಲ, ಆಗ ಅಣ್ಣ ಅಂದದ್ದು ಇನ್ನೂ ಕಿವಿಯಲ್ಲಿದೆ, ಅಪ್ಪ ನಿಂಗೆ ಹೇಳಿದ ಒಂದೇ ಒಂದು ಮಾತು, ಅದನ್ನೂ ಮೀರಿದೆ.

ಮೀರಿದಳೋ ಇಲ್ಲವೋ, ಅದು ಆ ಫೈಲಿನಲ್ಲಿತ್ತು. ಒತ್ತಿದಳು, ಅಪ್ಪನ ಸಲೀಸು ದನಿ, ಇವತ್ತು ಮಗಳು ಬಂದಿದ್ದಳು, ಅಂದ, ಒಂದು ಸಲ ಉಸಿರೆಳೆದುಕೊಂಡ, ಅವಳಿಗೆ ನಾನು ಹೇಳೋಕೆ ಹೊರಟಿದ್ದು — ಟಕ್. ದನಿಯಲ್ಲ, ಡಿಸ್ಕು, ಡಬ್ಬಿಯೊಳಗಿಂದ ಟಕ್, ಟಕ್, ಟಕ್, ಪರದೆ ಮರಗಟ್ಟಿತು. ಆ ಸದ್ದು ಅವಳಿಗೆ ಹೊಸದಲ್ಲ, ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸಾಯುವ ಡಿಸ್ಕುಗಳ ಬಾಯಿಗೆ ನೀರು ಬಿಡುವುದೇ ಅವಳ ಉದ್ಯೋಗ, ಇನ್ನೊಂದು ಸಲ ಕೇಳಿಸಿಕೊಳ್ಳೋಣ ಅಂತ ಒತ್ತುವವರು ಮೂರ್ಖರು, ತಂತಿ ಎಳೆದು ಆಫ್ ಮಾಡಿದಳು, ಡಿಸ್ಕು ಬಿಚ್ಚಿದಳು, ಕಾಲೇಜಿನಿಂದ ಒಂದು ಯಂತ್ರ ಕೇಳಿ ತಂದು ಇದೇ ಮೇಜಿನ ಮೇಲಿಟ್ಟಳು, ಅಪ್ಪನ ಡಿಸ್ಕಿನಲ್ಲಿದ್ದುದನ್ನೆಲ್ಲ, ಒಳಗಿನ ಗೋಡೆ ಗೆರೆ ಸಮೇತ, ಹಾಗೇ ಒಂದೇ ದೊಡ್ಡ ಫೈಲಿಗೆ ಇಳಿಸಲು ಕೂತಳು, ಇಮೇಜು ಅಂತಾರೆ ಅದಕ್ಕೆ. ಅದೇನು ಒಂದು ಗಳಿಗೆಯ ಕೆಲಸವೇ, ಡಿಸ್ಕು ಸ್ವಲ್ಪ ಹೊತ್ತು ಓದಿಸಿಕೊಳ್ಳುತ್ತಿತ್ತು, ಮುನಿಸಿಕೊಳ್ಳುತ್ತಿತ್ತು, ಬಿಸಿಯಾಗುತ್ತಿತ್ತು, ಆರಲು ಬಿಟ್ಟು ಮತ್ತೆ ಪುಸಲಾಯಿಸಬೇಕಿತ್ತು, ಕಾಲೇಜಿಗೆ ರಜೆ ಹಾಕಿ ಮಗುವಿನ ಜ್ವರ ಕಾದ ಹಾಗೆ ಕಾದಳು, ಎಲ್ಲೋ ನಾಲ್ಕು ಚೂರು ಬಿಟ್ಟರೆ ಮಿಕ್ಕಿದ್ದೆಲ್ಲ ಬಂತು, ಬಂದ ಮೇಲೆ ಡಿಸ್ಕು ಕೊನೆಯದಾಗಿ ಒಂದು ಸಲ ಕೀಚೆಂದು ಸತ್ತೇ ಹೋಯಿತು, ಇನ್ನು ತಿರುಗುವುದೂ ಇಲ್ಲ. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು, ಎಲ್ಲ ಬಂತು, ಆ ದಿನದ್ದೂ ಇದೆ. ಅಮ್ಮ ನೀರಿನ ಚೊಂಬಿನ ಕಡೆ ನೋಡಿದಳು. ಅಣ್ಣನ ಕೈ ತಟ್ಟೆಯಲ್ಲೇ ಒಂದು ಗಳಿಗೆ ನಿಂತಿತು, ನಿಂತಿತೇ, ನಿಂತಿತು, ಅವಳು ನೋಡಿದ್ದಾಳೆ, ಆಮೇಲೆ ಅವನು ಉಪ್ಪು ಕೇಳಿದ. ಹಾಗಾದರೆ ನಿನ್ನೆಯೇ ಕೇಳಿಸಿಕೊಳ್ಳಬಾರದಿತ್ತೇ, ಬಾರದು, ಕಸುಬಿನ ಕಟ್ಟಳೆ, ಎರಡು ಪ್ರತಿ ಆಗುವವರೆಗೆ ಇದ್ದೊಂದನ್ನು ತೆರೆಯಬಾರದು, ಇದನ್ನು ಹೊಸದಾಗಿ ಸೇರಿದವರಿಗೆಲ್ಲ ಅವಳೇ ಹೇಳಿಕೊಡುವುದು, ಮೂರು ವರ್ಷ ಕಾದವಳಿಗೆ ಒಂದು ರಾತ್ರಿ ಯಾವ ಲೆಕ್ಕ ಅಂದುಕೊಂಡು ಮಲಗಿದಳು. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತಿದ್ದಳು.

ಇತ್ತ ಅಣ್ಣ ಕೂತ. ಯಂತ್ರಕ್ಕೆ ಅವಳಿಟ್ಟ ಪಾಸ್‌ವರ್ಡು ಅಪ್ಪನ ಹೆಸರೇ ಇರುತ್ತೆ ಅಂತ ಊಹಿಸಲು ಅವನಿಗೆ ಎಷ್ಟು ಹೊತ್ತು ಬೇಕು, ಬೇರೆಯವರ ಬಾಯಲ್ಲಿರುವುದನ್ನು ಊಹಿಸಿಯೇ ದೊಡ್ಡವನಾದವನು, ಅವನು ಮೇಲ್ವಿಚಾರಕನಾಗಿರುವ ಗೋದಾಮಿನಲ್ಲಿ ಕಂಪ್ಯೂಟರ್ ಮುಷ್ಕರ ಹೂಡಿದರೆ ಕರೆಯುವುದೂ ಅವನನ್ನೇ ಅಂತೆ, ಅಲ್ಪವಿದ್ಯಾ ಮಹಾಗರ್ವಿ. ಪರದೆಯ ಮೇಲಿನ ಸಾಲುಗಳನ್ನು ಅವಳು ಮೇಲಿನಿಂದ ಓದಿದಳು, ಪೋಸ್ಟ್‌ಮಾರ್ಟಮ್ ಅಂದರೂ ಸರಿಯೇ. ಮೊದಲು ಇಮೇಜನ್ನು ಮೌಂಟ್ ಮಾಡಲು ನೋಡಿದ್ದಾನೆ, ಅಂದರೆ ತೆರೆಯಲು, ಅದು ಒಪ್ಪಿಲ್ಲ, ತಪ್ಪು ಬಗೆಯ ಫೈಲ್‌ಸಿಸ್ಟಮ್, ಕೆಟ್ಟ ಸೂಪರ್‌ಬ್ಲಾಕ್, ಅಂದರೆ ಫೈಲುಗಳ ಜಾಗ ತೋರಿಸುವ ನಕ್ಷೆಯೇ ಸರಿಯಿಲ್ಲ ಅಂದಿದೆ, ಅನ್ನಲೇಬೇಕು, ಯಾಕೆಂದರೆ ಅದು ಇಡೀ ಡಿಸ್ಕಿನ ಇಮೇಜು, ಒಳಗೆ ಎರಡು ಪಾರ್ಟಿಷನ್ನು, ಮನೆಗೆ ಎರಡು ಕೋಣೆ ಇದ್ದ ಹಾಗೆ, ಬೀದಿಬಾಗಿಲಿಗೆ ಬಂದು ಹಾಸಿಗೆ ಎಲ್ಲಿ ಅಂದರೆ ಎಲ್ಲಿಂದ ತೋರಿಸುವುದು, ಎರಡನೇ ಕೋಣೆ ಎಷ್ಟು ದೂರದಲ್ಲಿ ಶುರುವಾಗುತ್ತೆ ಅಂತ ಹೇಳಿ ಕೇಳಿದ್ದರೆ ತಕ್ಷಣ ತೆರೆಯುತ್ತಿತ್ತು, ಫೈಲನ್ನೇ ಡಿಸ್ಕಿನ ಹಾಗೆ ತೋರಿಸುವ ಲೂಪ್‌ಗೆ ಹಾಕುವಾಗ ಪಾರ್ಟಿಷನ್ನುಗಳನ್ನೂ ಹುಡುಕು ಅಂತ ಒಂದೇ ಒಂದು ಅಕ್ಷರ ಸೇರಿಸಿದ್ದರೂ ಸಾಕಿತ್ತು. ಕೆಟ್ಟಿದ್ದು ಏನೂ ಇರಲಿಲ್ಲ, ಅದು ಬರೀ ತಡೆದಿತ್ತು, ಮುಂದಿನ ಮಾತಿಗೆ ಕಾಯುತ್ತಿತ್ತು. ಅಣ್ಣ ಇಂಟರ್‌ನೆಟ್ಟಿನಲ್ಲಿ ಯಾವನೋ ಪುಣ್ಯಾತ್ಮನನ್ನು ಕೇಳಿದ್ದಾನೆ, ಅವನು ಖಾಲಿ ಡಿಸ್ಕಿಗೆ ಹೇಳುವ ಉತ್ತರ ಹೇಳಿದ್ದಾನೆ, ಫೈಲ್‌ಸಿಸ್ಟಮ್ ಇಲ್ಲದಿದ್ದರೆ ಹೊಸದಾಗಿ ಮಾಡಿ ಅಂತ, ಇವನು ಮಾಡಿದ್ದಾನೆ, ಎಂಕೆಎಫ್ಎಸ್, ಅಂದರೆ ಇದ್ದ ಗೋಡೆಗೆರೆಯನ್ನೆಲ್ಲ ಅಳಿಸಿ ಹೊಸದಾಗಿ ಗೆರೆ ಎಳೆ ಅನ್ನುವ ಆಜ್ಞೆ. ಅದು ಒಂದು ಸಲಕ್ಕೆ ಎಳೆಯಲಿಲ್ಲ. ಆ ಯಂತ್ರಕ್ಕಾದರೂ ಮರ್ಯಾದೆ ಇತ್ತು. ತಡೆದು ಕೇಳಿತು, ಇಲ್ಲೇ ಬರೆದಿದೆ, ಇಂಗ್ಲಿಷಿನಲ್ಲಿ, ನಮ್ಮ ಮಾತಿಗೆ ತಿರುಗಿಸಿದರೆ, ಇದರೊಳಗೆ ಪಾರ್ಟಿಷನ್ ಪಟ್ಟಿ ಇದೆ, ಆದರೂ ಮುಂದುವರಿಯಲೇ. ಮುಂದೆ ಎರಡು ಅಕ್ಷರ, ಹೂಂ ಅನ್ನಲು ವೈ, ಬೇಡ ಅನ್ನಲು ಎನ್, ಎನ್ ಮಾತ್ರ ದೊಡ್ಡಕ್ಷರ, ಅಂದರೆ ಏನೂ ಹೇಳದೆ ಸುಮ್ಮನೆ ಎಂಟರ್ ಒತ್ತಿದರೂ ಬೇಡ ಅಂತಲೇ ಅರ್ಥ, ಎದ್ದು ಹೋದರೂ ಬೇಡ, ನಿದ್ದೆ ಹೋದರೂ ಬೇಡ, ಹಾಳು ಮಾಡಬೇಕೆಂದರೆ ಬೆರಳೆತ್ತಿ ಆ ವೈಯನ್ನೇ ಹುಡುಕಿ ಒತ್ತಬೇಕು. ಪ್ರಶ್ನೆಯ ಪಕ್ಕದಲ್ಲಿ ಒಂದು ಸಣ್ಣ ವೈ ನಿಂತಿದೆ, ಕವಣೆಕಡ್ಡಿಯ ಹಾಗೆ ಕವಲೊಡೆದುಕೊಂಡು. ಅವಳು ಅದನ್ನೇ ನೋಡುತ್ತಾ ಕೂತಳು.

ಬೇಕಂತಲೇ ಒತ್ತಿದನೇ? ಆ ದಿನದ್ದೂ ಇದೆ ಅಂದಾಗ ತಟ್ಟೆಯಲ್ಲಿ ನಿಂತ ಕೈ, ಅದೇ ಕೈಯ ಬೆರಳು — ಥೂ, ಅಷ್ಟು ಕೆಟ್ಟವನಲ್ಲ ಬಿಡು, ಅಷ್ಟು ಯೋಚನೆ ಮಾಡುವವನಾಗಿದ್ದರೆ ಎಷ್ಟೋ ವಾಸಿಯಿತ್ತು, ಯೋಚನೆಗೂ ಹೊತ್ತು ಬೇಕಲ್ಲ. ಇಲ್ಲ, ಇನ್ನೂ ಆಸೆ ಇದೆ, ಎಂಕೆಎಫ್ಎಸ್ ಗೆರೆ ಎಳೆಯುತ್ತೆ ಅಷ್ಟೆ, ಗೆರೆಗಳ ಕೆಳಗೆ ಹಳೇ ಮಣ್ಣು ಹಾಗೇ ಇರುತ್ತೆ, ಹಳೇ ಸೂಪರ್‌ಬ್ಲಾಕಿನ ಪ್ರತಿಗಳು ಅಲ್ಲಲ್ಲಿ ಹೂತಿರುತ್ತವೆ, ಒಂದು ಸಿಕ್ಕರೂ ಎಳೆ ಹಿಡಿದು ಎಳೆಯಬಹುದು, ಅದೂ ಇಲ್ಲವೆಂದರೆ ಧ್ವನಿ ಫೈಲುಗಳ ತಲೆಯ ಗುರುತು ಹಿಡಿದು ಬೈಟು ಬೈಟು ಜಾಲಾಡಬಹುದು, ಕಾಲೇಜಿನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ಎಬ್ಬಿಸಿ ಕೂರಿಸಿದ್ದಾಳೆ, ಆದರೆ ಮೊದಲು ಪ್ರತಿ, ಏನಾದರೂ ಮಾಡುವ ಮುಂಚೆ ಪ್ರತಿ. ಹೊಸ ಡಿಸ್ಕಿನ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಹರಿದಳು, ಸಿಕ್ಕಿಸಿದಳು, ಅದಕ್ಕೊಂದು ಪಾರ್ಟಿಷನ್ ಹಾಕಿದಳು, ಇನ್ನು ಅದರ ಮೇಲೆ ಫೈಲ್‌ಸಿಸ್ಟಮ್, ಎಂಕೆಎಫ್ಎಸ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದಳು, ಅಂಥ ಪಾರ್ಟಿಷನ್ನೇ ಇಲ್ಲ ಅಂದಿತು, ಈಗ ತಾನೇ ಹಾಕಿದೆನಲ್ಲೋ ಅಂದಳು, ಹೌದು, ಹೊಸ ಪಟ್ಟಿಯನ್ನು ಯಂತ್ರ ಇನ್ನೂ ಓದಿಕೊಂಡಿಲ್ಲ, ಓದಿಕೋ ಅಂತ ಹೇಳಬೇಕು, ಹೇಳಿದಳು, ಮತ್ತೆ ಟೈಪ್ ಮಾಡಿದಳು, ಅವಸರದಲ್ಲಿ ಹೆಸರಿನ ಕೊನೆಯ ಒಂದು ಅಂಕಿ ಬಿಟ್ಟುಹೋಯಿತು, ಪಾರ್ಟಿಷನ್ನಿನ ಬದಲು ಇಡೀ ಡಿಸ್ಕನ್ನೇ ಕೊಟ್ಟಿದ್ದಳು — ತಡೆಯಿತು. ಅವಳಿಗೂ ಅದೇ ಕೇಳಿತು. ಇದರೊಳಗೆ ಪಾರ್ಟಿಷನ್ ಪಟ್ಟಿ ಇದೆ, ಆದರೂ ಮುಂದುವರಿಯಲೇ. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಅದು ಕೇಳಿ ಸುಮ್ಮನಾಯಿತು, ಕರ್ಸರು ಮಿಣುಕುತ್ತಿತ್ತು, ಅಡುಗೆಮನೆಯಲ್ಲಿ ಚಮಚ ಟಣ್ ಟಣ್ ಅನ್ನುತ್ತಿತ್ತು, ಇದು ಕಾಯುತ್ತಿತ್ತು, ಏನಮ್ಮಾ ಬೇಗ ಹೇಳು ಅನ್ನಲಿಲ್ಲ, ಹೂಂ ಅಂತಿದ್ದಾಳೆ ಅಂತ ತಾನೇ ಮುಗಿಸಲಿಲ್ಲ, ಸಂಜೆವರೆಗೆ ಕೂತರೂ ಕಾಯುತ್ತಿತ್ತು, ನಾಳೆವರೆಗೂ ಕಾಯುತ್ತಿತ್ತು, ಅಪ್ಪನ ಎದುರಿಗೆ ಜೀವಮಾನದಲ್ಲಿ ಒಬ್ಬರೇ ಒಬ್ಬರು ಹೀಗೆ ನಿಂತಿದ್ದರೆ, ಅಪ್ಪಾ, ನಿಧಾನಕ್ಕೆ ಹೇಳು ಅಂತ, ಒಬ್ಬರು. ಅದಕ್ಕೇ ಇರಬೇಕು ಅಪ್ಪ ಹೋಗಿ ಹೋಗಿ ಕಂಪ್ಯೂಟರಿನ ಮುಂದೆ ಕೂತು ಮಾತಾಡಿದ್ದು. ಎನ್ ಒತ್ತಿದಳು, ಅಂಕಿ ಸೇರಿಸಿ ಸರಿಯಾಗಿ ಬರೆದಳು, ಹೊಸ ಡಿಸ್ಕು ತಯಾರಾಯಿತು. ಇಮೇಜನ್ನು ಪ್ರತಿ ಮಾಡಲು ಕೊಟ್ಟು, ಇದು ಮುಗಿಯಲು ಮಧ್ಯಾಹ್ನವಾದೀತು, ಅಷ್ಟರಲ್ಲಿ ಮುಖ ತೊಳೆ ಅಂತ ತನಗೇ ಹೇಳಿಕೊಂಡು ಎದ್ದಳು.

ಕುರ್ಚಿ ಹಿಂದೆ ಸರಿಸುವುದರೊಳಗೆ ಮುಗಿದಿತ್ತು. ಮುಗಿದಿತ್ತು ಅಂದರೆ — ಡಿಸ್ಕಿನಿಂದ ಎಳೆಯಲು ವಾರ ಹಿಡಿದದ್ದು, ರೆಪ್ಪೆ ಬಡಿದು ಬಿಡುವುದರೊಳಗೆ ಪ್ರತಿಯಾಗಿ ಕೂತಿತ್ತು, ಯಾವ ದೋಷವೂ ಇಲ್ಲ, ಎಲ್ಲ ಸುಸೂತ್ರ ಅನ್ನುತ್ತಿದೆ. ಮತ್ತೆ ಕೂತಳು. ಇಮೇಜಿನ ಅಳತೆ ಕೇಳಿದಳು, ಅಪ್ಪನ ಡಿಸ್ಕಿನಷ್ಟೇ, ಒಂದು ಬೈಟೂ ಕಡಿಮೆಯಿಲ್ಲ. ಆ ಅಳತೆಯಲ್ಲಿ ನಿಜವಾಗಿ ಎಷ್ಟು ತುಂಬಿದೆ ಅಂತ ಇನ್ನೊಂದು ರೀತಿ ಕೇಳಿದಳು, ನೂರರಲ್ಲಿ ಒಂದು ಪಾಲೂ ಇಲ್ಲ. ತೂಕದ ಬಟ್ಟಿನ ಹೊರಗೆ ಮುದ್ರೆ ಸರಿಯಾಗಿಯೇ ಇರುತ್ತೆ, ಒಳಗೆ ಕೊರೆದು ಟೊಳ್ಳು ಮಾಡಿರುತ್ತಾರೆ, ಅಂಥವನ್ನು ಅಪ್ಪ ಅಂಗೈಯಲ್ಲಿಟ್ಟುಕೊಂಡೇ ಹಿಡಿಯುತ್ತಿದ್ದ, ಮಾತಾಡದೆ ಪಕ್ಕಕ್ಕಿಡುತ್ತಿದ್ದ. ಪರದೆಯನ್ನು ಮೇಲಕ್ಕೆ ಸರಿಸಿದಳು, ಅಣ್ಣನ ಸಾಲುಗಳಿಗೆ, ವೈ, ಅದರ ಕೆಳಗೇ ಒಂದು ಸಾಲು, ಕಣ್ಣಿಗೆ ಬಿದ್ದಿತ್ತು, ಬಿದ್ದಿತ್ತು ಕಣೇ, ಓದಬೇಡ ಅಂತ ಕಣ್ಣೇ ಹಾರಿಸಿಬಿಟ್ಟಿತ್ತು — ಹಳೇ ಬ್ಲಾಕುಗಳನ್ನು ಬಿಸಾಡಲಾಗುತ್ತಿದೆ, ಮುಗಿಯಿತು. ಗೆರೆ ಎಳೆಯುವ ಮುಂಚೆ ನೆಲವನ್ನೇ ಬಿಸಾಡಿದೆ. ಫೈಲಿನ ಗಾತ್ರ ಹಾಗೇ ಉಳಿಸಿ ಒಳಗಿನದನ್ನೆಲ್ಲ ತೂತು ಹೊಡೆದಿದೆ. ಇಮೇಜು ಕೂತಿದ್ದ ಡಿಸ್ಕನ್ನಾದರೂ ಜಾಲಾಡಲೇ ಅಂದರೆ ಅದು ಹೊಸ ಬಗೆಯದು, ಬಿಟ್ಟುಕೊಟ್ಟ ಜಾಗವನ್ನು ಬಿಟ್ಟ ಗಳಿಗೆಯಲ್ಲೇ ಒರೆಸಿ ಚೊಕ್ಕಟ ಮಾಡುತ್ತೆ, ಹಾಗೆ ಮಾಡು ಅಂತ ಹೊಂದಿಸಿಟ್ಟಿದ್ದು ಅವಳೇ, ಕಾಲೇಜಿನ ಯಂತ್ರಗಳೆಲ್ಲ ಹಾಗೇ. ಆದರೂ ಹುಡುಕಿದಳು, ಎರಡನೇ ಕೋಣೆ ಶುರುವಾಗುತ್ತಿದ್ದ ಜಾಗದಿಂದ, ಸೂಪರ್‌ಬ್ಲಾಕಿನ ಪ್ರತಿಗಳಿರಬೇಕಾದ ಜಾಗಗಳಲ್ಲಿ, ಸೊನ್ನೆ, ಸೊನ್ನೆ, ಸೊನ್ನೆ, ಪರದೆ ತುಂಬ ಸೊನ್ನೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೊಸ ಗೆರೆಗಳ ನಡುವೆ ಒಂದೇ ಒಂದು ಫೋಲ್ಡರು, ಕಳೆದದ್ದು ಸಿಕ್ಕಿದರೆ ಇಡಲು ಅಂತ ಯಂತ್ರವೇ ಮಾಡಿಕೊಟ್ಟಿದ್ದು. ಅದೂ ಖಾಲಿ.

ಚಮಚದ ಸದ್ದು ನಿಂತಿದೆ. ಯಾವಾಗ ನಿಂತಿತೋ. ಅಣ್ಣ ಬಾಗಿಲಲ್ಲಿ, ಕೈಯಲ್ಲಿ ಟೀ ಲೋಟ, ಅವನ ಹೆಗಲ ಹಿಂದೆ ಅಮ್ಮನ ಮುಖದ ಅರ್ಧ, ತಗೋ, ಬೆಳಗ್ಗಿಂದ ಏನೂ ಕುಡಿದಿಲ್ಲ, ಸಿಕ್ತಾ, ಅಂದ. ಅವಳು ಪರದೆಗೆ ಬೆರಳು ತೋರಿಸಿದಳು, ಇದನ್ನ ಓದಿದ್ಯಾ ಅಣ್ಣ, ಅಂದಳು, ಯಾವುದನ್ನ, ಇದನ್ನ, ಇಲ್ಲಿ ಕೇಳಿದೆಯಲ್ಲ, ಅವನು ಬಗ್ಗಿ ನೋಡಿದ, ಅದಾ, ಅದೇನೋ ಕೇಳ್ತು, ಹೂಂ ಅಂದೆ, ಕಂಪ್ಯೂಟರು ನೂರೆಂಟು ಕೇಳುತ್ತೆ, ಎಲ್ಲಾ ಓದ್ತಾ ಕೂತ್ರೆ ಕೆಲಸ ಆದಂಗೇ. ಸುಳ್ಳಲ್ಲ. ಅವನ ಮುಖದಲ್ಲಿ ಸುಳ್ಳಿಲ್ಲ, ಅವಳು ಹುಡುಕಿದಳು, ಬೇಕಂತ ಮಾಡಿದ್ದು ಅನ್ನುವಂಥದ್ದು ಒಂದು ಎಳೆ ಸಿಕ್ಕರೂ ಅವಳಿಗೆ ಹಗುರವಾಗುತ್ತಿತ್ತು, ದ್ವೇಷಿಸಬಹುದಿತ್ತು, ಸಿಗಲಿಲ್ಲ, ಅವನು ಓದೇ ಇಲ್ಲ, ಬಟ್ಟೆ ಅಂಗಡಿಯಲ್ಲಿ ಅಪ್ಪನ ಬೆರಳು ಯಾವ ಕಡೆಗಿದೆ ಅಂತ ಹೇಗೆ ನೋಡಲಿಲ್ಲವೋ ಹಾಗೇ. ಹೋಗ್ಲಿ ಬಿಡಮ್ಮ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು, ಅಂತ ಅಮ್ಮ. ಅಲ್ವಾ ಮತ್ತೆ, ಅಂತ ಅಣ್ಣ, ಅವನಿಗೆ ಧೈರ್ಯ ಬಂತು, ಟೀ ಲೋಟವನ್ನು ಮೇಜಿನ ಮೇಲಿಟ್ಟ, ಇಷ್ಟಕ್ಕೂ ಅದರಲ್ಲಿ ಏನಿರುತ್ತೆ, ಅಪ್ಪ ಏನು ಹೇಳಿರ್ತಾರೆ ಅಂತ ನಂಗೊತ್ತಿಲ್ವಾ, ಅವತ್ತು ಹೇಳಿದ್ದನ್ನೇ ಹೇಳಿರ್ತಾರೆ, ನೀನು ವಾಪಸ್ ಹೋಗು ಅಂತ. ಮತ್ತೆ ಮುಗಿಸಿದ. ಸತ್ತವನ ಮಾತನ್ನೂ ಮುಗಿಸಿದ. ಇನ್ನು ಇದನ್ನು ತಿದ್ದಲು ಬಾಗಿಲು ಹಾಕಿಕೊಂಡು ಕೂರುವವರು ಯಾರೂ ಇಲ್ಲ, ಇನ್ನು ಮನೆಯಲ್ಲಿ ಇದೇ ಕಾಯಂ, ನೀಲಿ ಅಂಗಿಯ ಹಾಗೆ. ಅವಳು ಎದ್ದು ನಿಂತಳು, ಇವತ್ತಾದರೂ ಅನ್ನಬೇಕು, ಎಲ್ಲವನ್ನೂ ಸೇರಿಸಿ ಒಂದೇ ಸಲಕ್ಕೆ ಅನ್ನಬೇಕು, ನೀ, ನೀನು, ಅಂದಳು, ಗಂಟಲಲ್ಲಿ ಅಗುಳಿ ಬಿತ್ತು, ಕಣ್ಣು ತಾನಾಗಿ ಮುಚ್ಚಿಕೊಂಡಿತು, ಬಲಗೈ ಹೆಬ್ಬೆರಳು ತೋರುಬೆರಳನ್ನು ಹುಡುಕಿಕೊಂಡು ಹೋಯಿತು, ಸ್ವಲ್ಪ, ಸ್ವಲ್ಪವೇ ತಡಿ — ನೀನೇ ಹಾಳು ಮಾಡಿದೆ ಅಂತೀಯಾ, ಅಂತ ಅಣ್ಣ, ಅನ್ನು, ಎಲ್ಲಾ ನನ್ನ ತಲೆಗೇ ಕಟ್ಟು, ಒಳ್ಳೇದು ಮಾಡೋಕೆ ಬಂದ್ನಲ್ಲ ನಂಗೆ ಬುದ್ಧಿ ಇಲ್ಲ. ಅದಲ್ಲ ಅವಳು ಹೇಳಲು ಹೊರಟದ್ದು. ಅದಲ್ಲ. ಕಣ್ಣು ತೆರೆದಳು. ಅಣ್ಣ ಉತ್ತರಕ್ಕೆ ನಿಲ್ಲದೆ ಹೋಗಿ ಆಗಿತ್ತು, ಅಮ್ಮನೂ ಅವನ ಹಿಂದೆ, ಟೀ ಮೇಲೆ ಕೆನೆ ಕಟ್ಟುತ್ತಿತ್ತು, ಪರದೆಯ ಮೇಲೆ ಅದೇ ಸಾಲು, ಕಿವಿಯಲ್ಲಿ ಅಪ್ಪನ ದನಿ, ಇವತ್ತು ಮಗಳು ಬಂದಿದ್ದಳು, ಒಂದು ಉಸಿರು, ಅವಳಿಗೆ ನಾನು ಹೇಳೋಕೆ ಹೊರಟಿದ್ದು — ಆದರೂ ಮುಂದುವರಿಯಲೇ — ನಾನು ಹೇಳೋಕೆ ಹೊರಟಿದ್ದು — ಎನ್ ಮಾತ್ರ ದೊಡ್ಡಕ್ಷರ — ಹೊರಟಿದ್ದು — ಪಕ್ಕದಲ್ಲಿ ಒಂದು ಸಣ್ಣ ವೈ, ಕವಲೊಡೆದುಕೊಂಡು, ಹೇಳೋಕೆ ಹೊರಟಿದ್ದು, ವೈ.